ಕಚ್ಚಿಸಿಕೊಂಡವನಿಗೆ ಖುಷಿ, ಆಟ ನಡೆಸುವವನಿಗೆ ತಲೆನೋವು

ಪ್ರಶ್ನೆ: ನಾವು ಐದು ಜನ ಗೆಳೆಯರು ಶನಿವಾರ ರಾತ್ರಿ ಸೇರಿ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಹಾಕಿ ಕಥೆ ಕಟ್ಟುವ ಆಟ ಆಡುತ್ತೇವೆ. ಐದು ತಿಂಗಳಿಂದ 'ಕರ್ಸ್ ಆಫ್ ಸ್ಟ್ರಾಡ್' ನಡೆಯುತ್ತಿದೆ, ಸ್ಟ್ರಾಡ್ ಎಂಬ ರಕ್ತಪಿಶಾಚಿ ಆಳುವ ಬರೋವಿಯಾ ಕಣಿವೆಯ ಕಥೆ. 2014ರ ನಿಯಮಗಳು, ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸುವವನು, ನಾನೇ. ಹೋದ ವಾರ ಸ್ವಾಲಿಚ್ ಕಾಡಿನಲ್ಲಿ ನರತೋಳವೊಂದು (ಹುಣ್ಣಿಮೆಗೆ ತೋಳವಾಗುವ ಮನುಷ್ಯ) ನಮ್ಮ ಯೋಧನ ಪಾತ್ರವಾದ ಫೈಟರ್‌ನನ್ನು ಕಚ್ಚಿತು. ದಾಳದಲ್ಲಿ 12 ಬರಲಿಲ್ಲ, ಶಾಪ ತಗುಲಿತು. ಆ ಪಾತ್ರ ಆಡುವ ಗೆಳೆಯ ಗಾಬರಿಯಾಗುತ್ತಾನೆ ಅಂದುಕೊಂಡಿದ್ದೆ, ಅವನು ಎದ್ದು ಕುಣಿದ! ಮಾಮೂಲಿ ಕತ್ತಿ, ಬಾಣ ಇನ್ನು ತನ್ನನ್ನು ಏನೂ ಮಾಡುವುದಿಲ್ಲ ಅಂತ ಅವನ ಲೆಕ್ಕ. ಕ್ಲೆರಿಕ್ (ದೈವಬಲದ ಮಂತ್ರ ಹಾಕುವ ಪಾತ್ರ) ಆಡುವವಳು 5ನೇ ಲೆವೆಲ್ ಮುಟ್ಟಿದ ದಿನವೇ 'ರಿಮೂವ್ ಕರ್ಸ್' ಹಾಕಿ ಶಾಪ ಕಳೆಯುತ್ತೇನೆ ಅನ್ನುತ್ತಿದ್ದಾಳೆ, ಇವನು ಹತ್ತಿರ ಬಂದರೆ ನೋಡು ಅನ್ನುತ್ತಿದ್ದಾನೆ. ಉಳಿದಿಬ್ಬರು ಅವನನ್ನು ಹೊಳೆಗೆ ತಳ್ಳುವ ಮಾತಾಡುತ್ತಿದ್ದಾರೆ. ಹಾಗೇ ಬಿಟ್ಟರೆ ಆಟದ ಸಮತೋಲ ಹೋಗುತ್ತದೆ, ಹುಣ್ಣಿಮೆಗೆ ಪಾತ್ರವನ್ನು ಕಿತ್ತುಕೊಂಡರೆ ಗೆಳೆತನ ಹೋಗುತ್ತದೆ. ಏನು ಮಾಡಲಿ? ಎಲ್ಲರೂ ನರತೋಳಗಳೇ ಆಗಿರುವ ಬೇರೆ ಆಟವೂ ಇದೆಯಂತೆ, ಅದಕ್ಕೇ ಹೋಗಿಬಿಡುವುದು ವಾಸಿಯೇ?

ಉತ್ತರ: ಈ ಉತ್ತರದ ತುಂಬ ಆ ಕಥೆಯ ಗುಟ್ಟುಗಳಿವೆ. ನಿಮ್ಮ ಆಟಗಾರರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಲಿ. ವಿಶೇಷವಾಗಿ ಕುಣಿದವನು.

ಅವನು ಕುಣಿದದ್ದರಲ್ಲಿ ತಪ್ಪಿಲ್ಲ ಬಿಡಿ. ಪುಸ್ತಕವೇ ಅವನಿಗೆ ಕುಣಿಯಲು ಕಾರಣ ಕೊಟ್ಟಿದೆ. ಏನೇನು ಸಿಕ್ಕಿದೆ ನೋಡೋಣ. ನರತೋಳದ ಶಾಪ ತಗುಲಿದ ಪಾತ್ರದ ಸ್ಟ್ರೆಂತ್ (ದೇಹಬಲದ ಅಂಕ) 15ಕ್ಕಿಂತ ಕಡಿಮೆ ಇದ್ದರೆ 15 ಆಗುತ್ತದೆ. ಫೈಟರ್‌ಗೆ ಅದು ಲೆಕ್ಕಕ್ಕಿಲ್ಲ, ಅವನದು ಆಗಲೇ 16ರ ಮೇಲಿದ್ದೀತು. ತೋಳರೂಪ ಅಥವಾ ಅರ್ಧ ಮನುಷ್ಯ, ಅರ್ಧ ತೋಳದ ನಡುರೂಪದಲ್ಲಿ ಪೆಟ್ಟು ತಪ್ಪಿಸುವ ಅಂಕವಾದ ಆರ್ಮರ್ ಕ್ಲಾಸ್‌ಗೆ 1 ಸೇರುತ್ತದೆ. ಆದರೆ ಮೈಮೇಲಿನ ಸಾಮಾನು ಅವನ ಜೊತೆ ರೂಪ ಬದಲಿಸುವುದಿಲ್ಲ, ತೋಳದ ಮೈಗೆ ಮನುಷ್ಯನ ಉಕ್ಕಿನ ಕವಚ ಎಲ್ಲಿ ಹೊಂದೀತು? ಹಾಗಾಗಿ ಅದೂ ನಷ್ಟದ ವ್ಯಾಪಾರವೇ. ಉಳಿಯುವುದು ಒಂದೇ, ಅವನು ಕುಣಿದದ್ದೂ ಅದಕ್ಕೇ. ಮಂತ್ರಬಲವಿಲ್ಲದ, ಬೆಳ್ಳಿ ಲೇಪವಿಲ್ಲದ ಆಯುಧದ ಕಡಿತ, ಇರಿತ, ಹೊಡೆತ ಯಾವುದೂ ಅವನಿಗೆ ತಾಕುವುದಿಲ್ಲ. ಒಂದು ಆಯುಧಕ್ಕೋ ಹತ್ತು ಬಾಣಕ್ಕೋ ಬೆಳ್ಳಿ ಹಾಕಿಸಲು ನಿಯಮದ ಪ್ರಕಾರ 100 ಚಿನ್ನದ ನಾಣ್ಯ ಬೇಕು. ಬರೋವಿಯಾದಂಥ ಬಡ ಕಣಿವೆಯಲ್ಲಿ ಅದು ಯಾರ ಕೈಲಿದೆ?

ಈ ಪ್ರಶ್ನೆಯನ್ನು ಹಾಗೆ ಸುಮ್ಮನೆ ಕೇಳಲಿಲ್ಲ. ಅವನನ್ನು ಏನೂ ಮಾಡಲಾಗದವರು ಯಾರು ಅಂತ ಒಮ್ಮೆ ಪಟ್ಟಿ ಹಾಕಿ. ಸ್ಟ್ರಾಡ್ ಮಂತ್ರ ಬಲ್ಲವನು, ಬೆಂಕಿ ಎಸೆಯಬಲ್ಲ, ಅವನಿಗೆ ಈ ರಕ್ಷಣೆ ದೊಡ್ಡ ಅಡ್ಡಿಯಲ್ಲ. ಮಾಟಗಾತಿಯರಿಗೂ ಅಲ್ಲ. ಏನೂ ಮಾಡಲಾಗದವರು ಕವೆಗೋಲು ಹಿಡಿದ ರೈತರು, ತುಕ್ಕು ಹಿಡಿದ ಈಟಿಯ ಕಾವಲುಗಾರರು, ಒಲೆ ಮುಂದಿನ ಕಬ್ಬಿಣದ ಸಲಾಕೆ ಎತ್ತಿಕೊಂಡು ಮಕ್ಕಳಿಗೆ ಅಡ್ಡ ನಿಂತ ತಾಯಿ. ನಿಮ್ಮ ಗೆಳೆಯ ಯಾವ ವರಕ್ಕಾಗಿ ಕುಣಿದನೋ ಅದು ಅವನ ಶತ್ರುಗಳೆದುರು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅವನು ಕಾಪಾಡಲು ಹೊರಟ ಬಡಪಾಯಿಗಳೆದುರು ಮಾತ್ರ ಅದು ನೂರಕ್ಕೆ ನೂರು ಕೆಲಸ ಮಾಡುತ್ತದೆ. ಹುಣ್ಣಿಮೆ ರಾತ್ರಿ ಊರು ನುಗ್ಗಿದರೆ ಅವನನ್ನು ತಡೆಯುವ ಶಕ್ತಿ ಆ ಊರಲ್ಲಿ ಯಾರಿಗೂ ಇಲ್ಲ.

ಅದಕ್ಕೇ ನನ್ನ ಸಲಹೆ: ಆ ರಕ್ಷಣೆಯನ್ನು ಕಿತ್ತುಕೊಳ್ಳಬೇಡಿ. ಹೊಸ ಮಾನ್‌ಸ್ಟರ್ ಮ್ಯಾನುಯಲ್ (ಈ ಆಟದ ರಾಕ್ಷಸ, ಮೃಗಗಳ ಪುಸ್ತಕ) 2025ರಲ್ಲಿ ಬಂದಾಗ ನರತೋಳಕ್ಕಿದ್ದ ಈ ರಕ್ಷಣೆಯನ್ನೇ ತೆಗೆದುಹಾಕಿತು. ಹಲವು ಡಿಎಂಗಳು ನೆಮ್ಮದಿಯ ಉಸಿರು ಬಿಟ್ಟರು. ಯುದ್ಧದ ಲೆಕ್ಕಕ್ಕೆ ಅದು ಸರಿ, ನಾನೂ ಒಪ್ಪುತ್ತೇನೆ. ನೀವು ನಡೆಸುತ್ತಿರುವುದು ಗಾಥಿಕ್ ಭಯದ ಕಥೆ. ಅಲ್ಲಿ ಈ ರಕ್ಷಣೆಗಿಂತ ಒಳ್ಳೆಯ ಸಾಧನ ನಿಮ್ಮ ಕೈಗೆ ಸಿಗುವುದಿಲ್ಲ. ನಾಲ್ಕಾರು ಜಗಳಗಳಲ್ಲಿ ಅವನು ಕಾಡುತೋಳಗಳ ಮಧ್ಯೆ ಎದೆಯುಬ್ಬಿಸಿ ನಿಲ್ಲಲಿ, ನಿಲ್ಲಲು ಬಿಡಿ. ಉಬ್ಬಿದಷ್ಟೂ ಒಳ್ಳೆಯದು.

ಇನ್ನು ಹುಣ್ಣಿಮೆ. ಶಾಪವನ್ನು ಎದುರಿಸುವವನು ಮನುಷ್ಯರೂಪದಲ್ಲಿ ತನ್ನತನ ಉಳಿಸಿಕೊಳ್ಳುತ್ತಾನೆ, ಹುಣ್ಣಿಮೆಯ ಸೆಳೆತ ಮಾತ್ರ ತಡೆಯಲಾಗದ್ದು. ಒಪ್ಪಿ ಅಪ್ಪಿಕೊಂಡವನ ಸ್ವಭಾವವೇ ದುಷ್ಟತನಕ್ಕೆ ತಿರುಗುತ್ತದೆ, ಆಗ ಪಾತ್ರವನ್ನು ಡಿಎಂ ತನ್ನ ಕೈಗೆ ತೆಗೆದುಕೊಳ್ಳಬಹುದು. ಇದು ಪುಸ್ತಕದ ಮಾತು. 'ಬಹುದು' ಅಂತ ಇದೆ, 'ಬೇಕು' ಅಂತ ಇಲ್ಲ. ಈ ಒಂದು ಪದದ ವ್ಯತ್ಯಾಸ ಕಾಣದೆ ನಾನು ಒಮ್ಮೆ ಹಾಳಾಗಿದ್ದೇನೆ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ನನ್ನ ಮೇಜಿನಲ್ಲಿ ರೇಂಜರ್ ಆಡುತ್ತಿದ್ದ ಹುಡುಗಿಗೆ ಹೀಗೇ ಕಡಿತವಾಯಿತು. ಹುಣ್ಣಿಮೆ ಬಂತು. ನಾನು ಭಾರಿ ಗತ್ತಿನಿಂದ ಅವಳ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ ಬರೆದ ಹಾಳೆ) ಎಳೆದುಕೊಂಡೆ, ದೀಪ ಸಣ್ಣ ಮಾಡಿದೆ, ಇಪ್ಪತ್ತು ನಿಮಿಷ ಒಬ್ಬನೇ ಮಾತಾಡಿದೆ. ಅವಳು ಮೂರು ತಿಂಗಳಿಂದ ಅಕ್ಕರೆಯಿಂದ ನೋಡಿಕೊಂಡಿದ್ದ ಅನಾಥ ಹುಡುಗನನ್ನು ಅವಳದೇ ತೋಳ ಕೊಂದಿತು ಅಂತ ವರ್ಣಿಸಿ ಮುಗಿಸಿದೆ. ಮೇಜು ಸ್ತಬ್ಧವಾಯಿತು. ನಾನು ಅದನ್ನು ಭಯ ಅಂದುಕೊಂಡೆ. ಅವಳು 'ನಾನು ಏನೂ ಮಾಡಲಿಲ್ಲವಲ್ಲ' ಅಂದಳು, ಅಷ್ಟೇ. ಮುಂದಿನ ಮೂರು ವಾರ ಬರಲಿಲ್ಲ. ಅವಳ ಮಾತು ಅಕ್ಷರಶಃ ನಿಜವಾಗಿತ್ತು. ದಾಳ ಹಾಕಿದ್ದು ನಾನು, ಮನೆ ಆರಿಸಿದ್ದು ನಾನು, ಕೊಂದದ್ದು ನಾನು. ಅವಳು ಮಾಡದ ತಪ್ಪಿಗೆ ಅವಳಿಗೆ ಪಶ್ಚಾತ್ತಾಪ ಎಲ್ಲಿಂದ ಬರಬೇಕು? ಬಂದದ್ದು ನನ್ನ ಮೇಲೆ ಸಿಟ್ಟು.

ಹಾಗಾಗಿ ದಾಳ ಅವನ ಕೈಯಲ್ಲೇ ಇರಲಿ. ಅದಕ್ಕೆ ಮೊದಲು ಮುಂದಿನ ಶನಿವಾರಕ್ಕೆ ಕಾಯದೆ ಅವನನ್ನು ಒಂದು ಚಹಾಕ್ಕೆ ಕರೆದು, ಆಟದ ಹೊರಗೆ, ಬಿಡಿಸಿ ಕೇಳಿ: ನಿನ್ನ ಕೈಯಿಂದ ಆಗಬಾರದ್ದು ಆಗುವ ಕಥೆ ನಿನಗೆ ಬೇಕೆ? ಆಟದಲ್ಲಿ ಯಾವುದು ಬೇಡವೇ ಬೇಡ? ಮಕ್ಕಳಿಗೆ ಅಪಾಯವಾಗುವುದು ಬೇಡ ಅಂದರೆ ಅದು ಬೇಡ, ಚರ್ಚೆಯಿಲ್ಲ. ಉಳಿದ ಮೂವರನ್ನೂ ಇದನ್ನೇ ಕೇಳಿ. ಎಕ್ಸ್ ಕಾರ್ಡ್ ಗೊತ್ತಿದ್ದರೆ ಮೇಜಿನ ಮೇಲಿಡಿ, ಮುಟ್ಟಿದವರು ಕಾರಣ ಹೇಳಬೇಕಿಲ್ಲ, ದೃಶ್ಯ ಅಲ್ಲಿಗೇ ನಿಲ್ಲುತ್ತದೆ. ಇಷ್ಟರ ಮೇಲೂ ಅವನು 'ನನಗೆ ಬರೀ ಬಲ ಸಾಕು, ಅಳು ಬೇಡ' ಅಂದರೆ ಅದೂ ನ್ಯಾಯವಾದ ಉತ್ತರವೇ. ಆಗ 'ರಿಮೂವ್ ಕರ್ಸ್' ಹಾಕಿಸಿ, ಹೊಸ ಪಾತ್ರಕ್ಕೆ ಟಾಷಾ ಹೆಸರಿನ ಹೆಚ್ಚುವರಿ ನಿಯಮಪುಸ್ತಕದ 'ಪಾತ್ ಆಫ್ ದಿ ಬೀಸ್ಟ್' ಬಾರ್ಬೇರಿಯನ್ (ಮೃಗಬಲದ ಯೋಧ) ತೋರಿಸಿ. ಉಗುರು, ಹಲ್ಲು, ಬಾಲ ಎಲ್ಲ ಸಿಗುತ್ತದೆ, ಹುಣ್ಣಿಮೆಯ ಹಂಗಿಲ್ಲ.

ಬೇಕು ಅಂದರೆ, ರಾತ್ರಿಯನ್ನು ಹೀಗೆ ನಡೆಸಿ.

ಒಂದು ಪಂಚಾಂಗ ಮಾಡಿಕೊಳ್ಳಿ. ನಾನು ಮೇಜಿನ ಮೇಲೆ ಒಂದು ಹಾಳೆಯಲ್ಲಿ ಇಪ್ಪತ್ತೆಂಟು ಮನೆಯ ಒಂದು ಸಾಲು ಬರೆದು, ಆಟದಲ್ಲಿ ಒಂದು ದಿನ ಕಳೆದಾಗಲೆಲ್ಲ ಒಂದು ಮನೆಗೆ ಗೀಟು ಹಾಕುತ್ತೇನೆ. ಆಟಗಾರರಿಗೆ ಕಾಣುವಂತೆ ಹಾಕುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ. ಬರೋವಿಯಾದ ಆಕಾಶ ಸದಾ ಮೋಡ ಮುಸುಕಿದ್ದು, ಪಾತ್ರಗಳಿಗೆ ಚಂದ್ರ ಸರಿಯಾಗಿ ಕಾಣುವುದಿಲ್ಲ. ಆಟಗಾರರಿಗೆ ಗೀಟು ಕಾಣುತ್ತದೆ. ಹದಿನೆಂಟನೇ ಗೀಟು ಬೀಳುವ ಹೊತ್ತಿಗೆ ನೀವು ಏನೂ ಹೇಳದೆಯೇ ಅವರು 'ಎಲ್ಲಿ ಕಟ್ಟಿಹಾಕೋಣ' ಅನ್ನಲು ಶುರು ಮಾಡುತ್ತಾರೆ.

ಕಟ್ಟುವುದಕ್ಕೂ ಲೆಕ್ಕ ಇದೆ. ನಾರಿನ ಹಗ್ಗ ಹರಿಯಲು ಸ್ಟ್ರೆಂತ್ ಪರೀಕ್ಷೆಯಲ್ಲಿ 17 ಬೇಕು, ಬೇಡಿ ಮುರಿಯಲು 20. ಅವನ ಸ್ಟ್ರೆಂತ್ 16 ಅಂತಿಟ್ಟುಕೊಂಡರೆ 3 ಸೇರುತ್ತದೆ, ಬೇಡಿಗೆ ಇಪ್ಪತ್ತು ಮುಖದ ದಾಳದಲ್ಲಿ 17 ಬಂದರೆ ಸಾಕು. ಒಂದು ಎಸೆತಕ್ಕೆ ನೂರಕ್ಕೆ ಇಪ್ಪತ್ತು ಅವಕಾಶ. ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಗಂಟೆಗೊಂದರಂತೆ ರಾತ್ರಿಗೆ ಎಂಟು ಸಲ ಎಸೆಯಿಸುತ್ತಾರೆ. ಎಂಟು ಎಸೆತದಲ್ಲಿ ಬೇಡಿ ಮುರಿಯುವ ಸಾಧ್ಯತೆ ನೂರಕ್ಕೆ 83. ಅಂದರೆ ಕಟ್ಟಿದ್ದು ಬರೀ ನಾಟಕ. ಮೂರು ಸಲ ಮಾತ್ರ ಎಸೆಯಲಿ: ಕತ್ತಲಾದಾಗ, ನಡುರಾತ್ರಿ, ಕೋಳಿ ಕೂಗುವ ಮೊದಲು. ಆಗ ಬೇಡಿಗೆ ಹತ್ತಿರ ಹತ್ತಿರ ಅರ್ಧಕ್ಕರ್ಧ, ಹಗ್ಗಕ್ಕೆ ನೂರಕ್ಕೆ 72ರ ಆಸುಪಾಸು. ಬೇಡಿಯ ಮೇಲೆ ಸರಪಳಿಯನ್ನೂ ಸುತ್ತಿದರೆ, ಬಾಗಿಲಲ್ಲಿ ಒಬ್ಬರು ಕಾವಲು ಕೂತರೆ, ಇನ್ನೂ ಕಷ್ಟ ಮಾಡಿ. ಹಗಲಿನಲ್ಲಿ ಪಟ್ಟ ಶ್ರಮ ರಾತ್ರಿಯ ದಾಳದಲ್ಲಿ ಕಾಣಬೇಕು. ಎಲ್ಲ ಮಾಡಿಯೂ ಬೇಡಿ ಮುರಿದರೆ ಯಾರೂ ನಿಮ್ಮ ಮುಖ ನೋಡುವುದಿಲ್ಲ, ದಾಳದ ಮುಖ ನೋಡುತ್ತಾರೆ.

ಇನ್ನೊಂದಿದೆ. ನನ್ನ ಹುರುಳಿರುವ ಸಲಹೆ ಇದೊಂದೇ ಅಂದರೂ ನಡೆದೀತು. ಹುಣ್ಣಿಮೆಯ ಸಂಜೆ, ಹಗ್ಗ ಬಿಗಿಯುವ ಹೊತ್ತಿಗೆ, ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿ: 'ಇವತ್ತು ಇಡೀ ದಿನ ನೀನು ಯಾರ ಬಗ್ಗೆ ಹೆಚ್ಚು ಯೋಚಿಸಿದೆ?' ಉತ್ತರ ಬರೆದುಕೊಳ್ಳಿ. ಬೇಡಿ ಮುರಿದರೆ ತೋಳ ಹೋಗುವುದು ಅಲ್ಲಿಗೆ. ಪ್ರೀತಿಯೋ ದ್ವೇಷವೋ ಅದಕ್ಕೆ ತಿಳಿಯದು, ವಾಸನೆ ಮಾತ್ರ ತಿಳಿಯುತ್ತದೆ. ಮೊದಲ ಹುಣ್ಣಿಮೆಯಲ್ಲಿ ಅವನು ಪ್ರಾಮಾಣಿಕವಾಗಿ ಉತ್ತರಿಸುತ್ತಾನೆ. ಎರಡನೆಯದರಲ್ಲಿ ಜಾಣತನ ಮಾಡಿ ಯಾವನೋ ಶತ್ರುವಿನ ಹೆಸರು ಹೇಳುತ್ತಾನೆ. ಹೇಳಲಿ. ಮರುಕ್ಷಣ ಕೇಳಿ: ಸರಿ, ಇವತ್ತು ಅವನ ಬಗ್ಗೆ ಏನು ಯೋಚಿಸಿದೆ, ಯಾವಾಗ? ದಿನವಿಡೀ ಕ್ಲೆರಿಕ್ ಜೊತೆ ನಗುತ್ತಾ ಇದ್ದವನಿಗೆ ಆ ಉತ್ತರ ಹೊಂದುವುದಿಲ್ಲ. ಮೂರನೆಯ ಹುಣ್ಣಿಮೆಗೆ ಅವನು ಬೆಳಗಿನಿಂದಲೇ ಯಾರ ಜೊತೆಯೂ ಮಾತಾಡದೆ ದೂರ ಕೂತಿರುತ್ತಾನೆ. ಯಾರನ್ನೂ ನೆನೆಯಬಾರದು ಅಂತ. ಒಬ್ಬ ಮನುಷ್ಯ ಮನುಷ್ಯರಿಂದ ಕಳಚಿಕೊಳ್ಳುವುದು ಹೀಗೇ. ಯಾವ ಸ್ವಭಾವಪಟ್ಟಿಯನ್ನೂ ತಿದ್ದದೆ, ಶೀಟ್ ಮುಟ್ಟದೆ, ನೀವು ಅವನನ್ನು ಅಲ್ಲಿಗೆ ತಂದಿರುತ್ತೀರಿ. ಹೆಜ್ಜೆ ಹಾಕಿದ್ದು ಅವನೇ.

ತಪ್ಪಿಸಿಕೊಂಡ ಮೇಲೆ ತೋಳವನ್ನೂ ಅವನೇ ಆಡಲಿ. ನೀವು ವಾಸನೆ ಮತ್ತು ಸದ್ದು ಮಾತ್ರ ಹೇಳಿ. ಹೊಗೆ, ಕುರಿಯ ಉಣ್ಣೆ, ಒದ್ದೆ ಹುಲ್ಲು, ಯಾರದೋ ಬೆವರು. ಹೆಸರು ಹೇಳಬೇಡಿ. ಉಳಿದ ಮೂವರಿಗೆ ಆ ಮನೆಯವರ ಪಾತ್ರ ಕೊಡಿ. ರಾತ್ರಿಯಿಡೀ ಸುಮ್ಮನೆ ಫೋನು ನೋಡುತ್ತಾ ಕೂರುವುದು ತಪ್ಪುತ್ತದೆ. ಅವರು ಬಾಗಿಲಿಗೆ ಮೇಜು ಅಡ್ಡ ಇಡುತ್ತಾರೆ, ಕವೆಗೋಲು ಹಿಡಿಯುತ್ತಾರೆ, ಚುಚ್ಚುತ್ತಾರೆ. ಪೆಟ್ಟು ತಾಕುತ್ತದೆ. ಹಾನಿ ಎಷ್ಟು? ಸೊನ್ನೆ. ಆ ಸೊನ್ನೆಯನ್ನು ಅವನೇ ಬಾಯಿಬಿಟ್ಟು ಹೇಳಬೇಕು. ಅವತ್ತು ಅವನು ಎದ್ದು ಕುಣಿದದ್ದು ಇದೇ ಸೊನ್ನೆಗೆ. ಮುಂದಿನದನ್ನು ವರ್ಣಿಸುವ ಅಗತ್ಯವಿಲ್ಲ, ಅಲ್ಲಿಗೇ ಕತ್ತರಿಸಿ. ಬೆಳಕು ಹರಿದಿದೆ, ಹಳ್ಳದ ಪಕ್ಕ ಬೆತ್ತಲೆ ಮಲಗಿದ್ದೀಯ, ಉಗುರಿನ ಸಂದಿಯಲ್ಲಿ ನೀಲಿ ಉಣ್ಣೆಯ ಎಳೆ. ನೀಲಿ ಶಾಲು ಯಾರದು ಅಂತ ಅವನಿಗೆ ಗೊತ್ತಿರುತ್ತದೆ. ಅವಳು ಸತ್ತಿರಬೇಕು ಅಂತೇನೂ ಇಲ್ಲ. ನಾನಾದರೆ ಬದುಕಿಸಿ ಉಳಿಸಿಕೊಳ್ಳುತ್ತೇನೆ. ಸತ್ತವರು ಏನೂ ಕೇಳುವುದಿಲ್ಲ.

ಅಂದಹಾಗೆ ಕಚ್ಚಿದರೆ ತೋಳವಾಗುವುದು, ಬೆಳ್ಳಿಗೆ ಸಾಯುವುದು, ಹುಣ್ಣಿಮೆಗೆ ಬದಲಾಗುವುದು ಯೂರೋಪಿನ ಪುರಾತನ ನಂಬಿಕೆ ಅಂತ ಬಹಳ ಜನ ತಿಳಿದಿದ್ದಾರೆ. ಇವೆಲ್ಲ ಒಂದೇ ಕಟ್ಟಾಗಿ ನಮ್ಮ ತಲೆಗೆ ಬಂದದ್ದು ಹೆಚ್ಚಾಗಿ 1940ರ ದಶಕದ ಹಾಲಿವುಡ್‌ನಿಂದ. ಹಳೆಯ ಕಥೆಗಳಲ್ಲಿ ಮನುಷ್ಯ ತೋಳದ ಚರ್ಮ ಹೊದ್ದು, ನಡುಪಟ್ಟಿ ಕಟ್ಟಿ, ಲೇಪ ಹಚ್ಚಿ ತೋಳವಾಗುತ್ತಾನೆ. ಜರ್ಮನಿಯ ಕೊಲೋನ್ ಹತ್ತಿರದ ಬೆಡ್‌ಬುರ್ಗ್‌ನಲ್ಲಿ 1589ರಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ನರತೋಳವೆಂದು ಕ್ರೂರವಾಗಿ ಕೊಂದರು. ಸೈತಾನ ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ ಅಂತ ಚಿತ್ರಹಿಂಸೆಯಲ್ಲಿ ಅವನ ಬಾಯಿಂದ ಹೇಳಿಸಿದ್ದರು. ಅದಾದ ನೂರು ವರ್ಷಕ್ಕೆ ಬಾಲ್ಟಿಕ್ ಕಡೆಯ ಲಿವೋನಿಯಾದಲ್ಲಿ ಥೀಸ್ ಎಂಬ ಮುದುಕ ನ್ಯಾಯಾಲಯಕ್ಕೆ ಬಂದ. ಹೌದು, ನಾನು ನರತೋಳವೇ, ನಾವು ದೇವರ ನಾಯಿಗಳು, ಮಾಟಗಾರರು ಕದ್ದೊಯ್ದ ಬೆಳೆಯ ಸತ್ವವನ್ನು ನರಕಕ್ಕೆ ಇಳಿದು ವಾಪಸು ತರುತ್ತೇವೆ ಅಂದ. ನ್ಯಾಯಾಧೀಶರು ಕಕ್ಕಾಬಿಕ್ಕಿ. ಎಷ್ಟು ಒತ್ತಾಯಿಸಿದರೂ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡೆ ಅಂತ ಅವನು ಒಪ್ಪಲಿಲ್ಲ. ಕೊನೆಗೆ ಛಡಿಯೇಟಿನ ಶಿಕ್ಷೆ ಆಯಿತು. ಸ್ಟುಂಪನದೋ ಥೀಸನದೋ, ನಿಮ್ಮ ಗೆಳೆಯನ ಪಾತ್ರ ಯಾವ ದಾರಿ ಹಿಡಿಯಬೇಕು ಅನ್ನುವುದಕ್ಕೆ ಎರಡು ಮಾದರಿ ನಿಮಗೆ ಇಲ್ಲೇ ಸಿಕ್ಕವು.

ಉಳಿದ ಆಟಗಾರರ ವಿಷಯಕ್ಕೆ ಬರೋಣ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಗಾದೆ ನಿಮ್ಮ ಮೇಜಿನಲ್ಲಿ ಆಗಲೇ ನಡೆಯುತ್ತಿದೆ. ಕ್ಲೆರಿಕ್‌ಳದ್ದು ಕಲ್ಲಲ್ಲ, ಮದ್ದು. ಆದರೆ ನಿಯಮದ ಪ್ರಕಾರ ಅವಳ ಒಂದೇ ಮಂತ್ರಕ್ಕೆ ಎಲ್ಲ ಮುಗಿದುಹೋಗುತ್ತದೆ. ಹುಟ್ಟಿನಿಂದ ನರತೋಳವಾದವನಿಗೆ 'ವಿಶ್' ಮಂತ್ರವೇ ಬೇಕು, ಕಚ್ಚಿಸಿಕೊಂಡವನಿಗೆ 'ರಿಮೂವ್ ಕರ್ಸ್' ಸಾಕು. ಇದು ನನಗೆ ಹಿಡಿಸುವುದಿಲ್ಲ. 1990ರ ದಶಕದ ರೇವನ್‌ಲಾಫ್ಟ್ ನಿಯಮಗಳು (ಸ್ಟ್ರಾಡ್ ಇರುವ ಭಯಲೋಕದ ಹಳೆಯ ನಿಯಮಗಳು) ಈ ವಿಷಯದಲ್ಲಿ ಕಠಿಣವಾಗಿದ್ದವು: ನಿನ್ನನ್ನು ಕಚ್ಚಿದವನು ಸಾಯದೆ ನಿನಗೆ ಬಿಡುಗಡೆ ಇಲ್ಲ. ಅದನ್ನು ಎರವಲು ತನ್ನಿ. 'ರಿಮೂವ್ ಕರ್ಸ್' ಒಂದು ಹುಣ್ಣಿಮೆಯನ್ನು ದಾಟಿಸಲಿ, ಅಷ್ಟೇ. ಈಗ ಕ್ಲೆರಿಕ್ ತಿಂಗಳಿಗೊಮ್ಮೆ ಅವನ ಹಣೆ ಮುಟ್ಟಬೇಕು, ಅವನು ಒಪ್ಪಬೇಕು. ಅವಳು ಆ ಮಂತ್ರವನ್ನು ಬೇರೆಯವರಿಗೆ ಬಳಸಬೇಕಾಗಿ ಬಂದ ತಿಂಗಳು ಏನಾಗುತ್ತದೆ? ನಿಯಮ ಬದಲಿಸುವ ಮೊದಲು ಮೇಜಿನಲ್ಲಿ ಹೇಳಿಬಿಡಿ. ಬಚ್ಚಿಟ್ಟು ಆಮೇಲೆ ತೋರಿಸಿದರೆ ಮೋಸ ಅನ್ನಿಸುತ್ತದೆ.

ಪೂರ್ತಿ ಬಿಡುಗಡೆಗೆ ದಾರಿ ನಿಮ್ಮ ಪುಸ್ತಕದಲ್ಲೇ ಇದೆ. ಸ್ವಾಲಿಚ್ ಕಾಡಿನ ನರತೋಳಗಳ ಗುಹೆ. ಹಿಂಡಿನ ನಾಯಕ ಕಿರಿಲ್ ಸ್ಟೋಯನೋವಿಚ್ ಮಕ್ಕಳನ್ನು ಕದ್ದು ತಂದು, ಒಬ್ಬರು ಉಳಿಯುವ ತನಕ ಹೊಡೆದಾಡಿಸಿ, ಉಳಿದ ಮಗುವನ್ನು ಹಿಂಡಿಗೆ ಸೇರಿಸಿಕೊಳ್ಳುತ್ತಾನೆ. ಇದನ್ನು ವಿರೋಧಿಸಿದ ಎಮಿಲ್ ತೊರಾನೆಸ್ಕು ಸ್ಟ್ರಾಡ್‌ನ ಕೋಟೆಯ ನೆಲಮಾಳಿಗೆಯಲ್ಲಿ ಕೊಳೆಯುತ್ತಿದ್ದಾನೆ, ಅವನ ಹೆಂಡತಿ ಜುಲೈಕಾ ಗುಹೆಯಲ್ಲಿ ಹಲ್ಲು ಕಚ್ಚಿ ಕಾದಿದ್ದಾಳೆ. ನಿಮ್ಮ ಫೈಟರ್‌ನನ್ನು ಕಚ್ಚಿದ್ದು ಕಿರಿಲ್ ಆಗಿರಲಿ. ಕಚ್ಚಿದ ತೋಳಕ್ಕೆ ಹೋದ ವಾರ ಹೆಸರಿಟ್ಟಿರಲಿಲ್ಲ ತಾನೇ? ಈಗ ಇಡಿ. ಮಕ್ಕಳ ವಿಷಯ ನಿಮ್ಮ ಮೇಜಿಗೆ ಬೇಡವಾದರೆ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕರನ್ನು ಹಾಕಿ, ಕಥೆಗೆ ಏನೂ ಕೊರತೆಯಾಗುವುದಿಲ್ಲ. ಗುಹೆಯಲ್ಲಿ ಅವನಿಗೆ ಸಿಗುವ ಸ್ವಾಗತ ನಿಜವಾದ ಆಮಿಷ: ಇಲ್ಲಿ ಬೇಡಿ ಇಲ್ಲ, ನಾಚಿಕೆ ಇಲ್ಲ, ಹುಣ್ಣಿಮೆ ಅಂದರೆ ಹಬ್ಬ.

ಎದುರು ಕಡೆಗೂ ಜನ ಇದ್ದಾರೆ. ವಲ್ಲಾಕಿ ಊರಿನ ಬ್ಲೂ ವಾಟರ್ ಇನ್ ಎಂಬ ತಂಗುಮನೆ ನಡೆಸುವ ಉರ್ವಿನ್ ಮತ್ತು ಡಾನಿಕಾ ಮಾರ್ಟಿಕೊವ್ ದಂಪತಿ ಕೂಡ ರೂಪ ಬದಲಿಸುವವರೇ, ಕಾಗೆಯ ಜಾತಿಯ ರೇವನ್ ಹಕ್ಕಿಗಳಾಗುವವರು, ಗುಟ್ಟಾಗಿ ಸ್ಟ್ರಾಡ್‌ಗೆ ಎದುರು ನಿಂತವರು. ಉರ್ವಿನ್ ಅವನನ್ನು ಕಂಡಕೂಡಲೇ ಗುರುತಿಸಲಿ, ಆದರೆ ಬಾಯಿ ಬಿಡದಿರಲಿ. ಎರಡು ದಿನ ಬಿಟ್ಟು ತನ್ನ ತಂಗುಮನೆಯ ನೆಲಮಾಳಿಗೆಯ ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟು ಹೋಗಲಿ. ಇನ್ನು ಸ್ಟ್ರಾಡ್, ತೋಳಗಳನ್ನು ಕರೆದಲ್ಲಿಗೆ ಬರಿಸುವವನು. ನಿಮ್ಮ ಫೈಟರ್‌ಗೆ ಅವನಿಂದ ಒಂದು ಸೌಜನ್ಯದ ಪತ್ರ ಬರಲಿ, ಬೆದರಿಕೆ ಇಲ್ಲದ, ಆರೋಗ್ಯ ವಿಚಾರಿಸುವ ಪತ್ರ. ನನಗೆ ಅದಕ್ಕಿಂತ ಭಯದ್ದು ಬೇರೆ ತೋಚುವುದಿಲ್ಲ.

ಬೇರೆ ಆಟಕ್ಕೆ ಹೋಗುವ ಪ್ರಶ್ನೆಗೆ ಚುಟುಕಾಗಿ: ಈಗ ಬೇಡ. ನೀವು ಕೇಳಿರುವುದು 'ವೇರ್‌ವುಲ್ಫ್: ದಿ ಅಪೊಕ್ಯಾಲಿಪ್ಸ್' ಇರಬೇಕು, ವೈಟ್ ವುಲ್ಫ್ ಸಂಸ್ಥೆ 1992ರಲ್ಲಿ ತಂದದ್ದು, ಐದನೇ ಆವೃತ್ತಿ 2023ರಲ್ಲಿ ಬಂತು. ಬಲು ಸೊಗಸಾದ ಆಟ, ಆದರೆ ಅದರ ಭಯದ ಜಾತಿಯೇ ಬೇರೆ. ಅಲ್ಲಿ ನರತೋಳತನ ಸೋಂಕಲ್ಲ, ಹುಟ್ಟಿನಿಂದ ಬಂದದ್ದು. ಭೂಮಿತಾಯಿಯ ಪರ ಸೋಲುತ್ತಿರುವ ಯುದ್ಧದ ಸಿಪಾಯಿಗಳು ಅವರು. ಹುಟ್ಟಿದಾಗಿನ ಚಂದ್ರನ ಕಲೆಯ ಮೇಲೆ ಪಾತ್ರದ ಕೆಲಸ ನಿಗದಿ, ತಿಥಿ, ನಕ್ಷತ್ರ ನೋಡುವ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಅಮಾವಾಸ್ಯೆಯಂದು ಹುಟ್ಟಿದವನಿಗೆ ಆರಂಭದ ರೇಜ್ (ರೋಷದ ಅಂಕ) 1, ಹುಣ್ಣಿಮೆಯವನಿಗೆ 5. ಆ ಹಳೆಯ ಆಟದಿಂದ ಒಂದನ್ನು ಮಾತ್ರ ಕದ್ದು ತನ್ನಿ. ನಿನ್ನ ರೇಜ್ ಎದುರಿನ ಮನುಷ್ಯನ ಮನೋಬಲಕ್ಕಿಂತ ಹೆಚ್ಚಿದ್ದರೆ, ನೀನು ಮನುಷ್ಯರೂಪದಲ್ಲಿದ್ದರೂ ಅವನು ಕಾರಣ ತಿಳಿಯದೆ ದೂರ ಸರಿಯುತ್ತಾನೆ. ನಿಮ್ಮ ಬರೋವಿಯಾದಲ್ಲಿ ಇದನ್ನು ಮೊದಲು ನಾಯಿಗಳಿಂದ ಶುರು ಮಾಡಿ, ಆಮೇಲೆ ಕುದುರೆ, ಆಮೇಲೆ ಹಸುಗೂಸುಗಳು. ಅದೇ ಸಂಸ್ಥೆ ಬೇರೆಯೇ ಲೋಕದಲ್ಲಿ ಕಟ್ಟಿದ 'ವೇರ್‌ವುಲ್ಫ್: ದಿ ಫರ್ಸೇಕನ್' 2005ರದ್ದು, ಅಲ್ಲಿ ಹಿಂಡು ಚಿಕ್ಕದು, ಬೇಟೆಯ ಸೀಮೆ ಚಿಕ್ಕದು, ನಿಮ್ಮ ರುಚಿಗೆ ಅದು ಇನ್ನೂ ಹತ್ತಿರ. ಸ್ಟ್ರಾಡ್ ಮುಗಿದ ಮೇಲೆ ಒಂದು ರಾತ್ರಿಯ ಮಟ್ಟಿಗೆ ಆಡಿ ನೋಡಿ.

ಭಾಷೆಯ ಬಗ್ಗೆ ಎರಡು ಮಾತು. ನಿಮ್ಮ ಪ್ರಶ್ನೆ ಓದಿದರೆ ನೀವು ಕನ್ನಡದಲ್ಲೇ ಕಥೆ ಹೇಳುತ್ತೀರಿ ಅನ್ನಿಸುತ್ತದೆ. ನಮ್ಮ ಸೀಮೆಯ ತೋಳ ದಟ್ಟ ಕಾಡಿನ ಪ್ರಾಣಿಯಲ್ಲ, ಕುರುಚಲು ಬಯಲಿನದು, ಕುರಿಗಾಹಿಗಳಿಗೆ ಗೊತ್ತಿರುವ ಕಳ್ಳ. 1974ರಲ್ಲಿ ಮೇಲುಕೋಟೆಯಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಿದರು. ಹಾಗಾಗಿ 'ತೋಳ' ಅಂದ ಮಾತ್ರಕ್ಕೆ ಕನ್ನಡದ ಕಿವಿಗೆ ಮಂಜು, ಪೈನ್ ಮರ, ಗಾಥಿಕ್ ಕೋಟೆ ನೆನಪಾಗುವುದಿಲ್ಲ. ಅದನ್ನು ನೀವೇ ಕಟ್ಟಬೇಕು, ನಿಧಾನಕ್ಕೆ. ಯಕ್ಷಗಾನದಲ್ಲಿ ಬಣ್ಣದ ವೇಷ ಒಮ್ಮೆಗೇ ರಂಗಕ್ಕೆ ಬರುವುದಿಲ್ಲ. ತೆರೆಯ ಹಿಂದೆ ಅಬ್ಬರ, ಮೇಲೆ ಕಿರೀಟದ ತುದಿ, ತೆರೆ ಸ್ವಲ್ಪ ಇಳಿದರೆ ಕಣ್ಣು, ಮತ್ತೆ ಮುಚ್ಚಿತು. ನಿಮ್ಮ ರೂಪಾಂತರವೂ ಹಾಗೇ ಬರಲಿ.

ಇಂಗ್ಲಿಷ್ ಡಿಎಂಗಳಿಗೆ ಹೊಟ್ಟೆಕಿಚ್ಚು ಬರಬೇಕಾದ ಒಂದು ಸೌಲಭ್ಯವೂ ನಿಮಗಿದೆ. ನಮ್ಮ ಕ್ರಿಯಾಪದ ಮನುಷ್ಯನಿಗೂ ಮೃಗಕ್ಕೂ ಬೇರೆ. 'ಅವನು ಬಾಗಿಲ ಕಡೆ ನೋಡಿದ. ಬೇಡಿ ಜಗ್ಗಿದ. ಉಸಿರು ಎಳೆದುಕೊಂಡ. ತಲೆ ಎತ್ತಿತು.' ಮುಗಿಯಿತು. ಕೂದಲು, ಉಗುರು, ಮೂಳೆ ಮುರಿಯುವ ಸದ್ದು ಏನೂ ಬೇಡ. ಒಂದು 'ಇತು' ಸಾಕು. ಮೇಜಿನಲ್ಲಿ ಯಾರೋ ಒಬ್ಬರು ಅದನ್ನು ಗಮನಿಸಿ ಕತ್ತೆತ್ತುತ್ತಾರೆ, ಉಳಿದವರಿಗೆ ಅವರ ಮುಖ ನೋಡಿ ಗೊತ್ತಾಗುತ್ತದೆ.

ಮುಂದಿನ ಶನಿವಾರಕ್ಕೆ ಹುಣ್ಣಿಮೆ ಬೇಡ, ಅದಿನ್ನೂ ದೂರ ಇರಲಿ. ಅವರನ್ನು ಬ್ಲೂ ವಾಟರ್ ಇನ್‌ಗೆ ಊಟಕ್ಕೆ ಕೂರಿಸಿ. ಪಕ್ಕದ ಮೇಜಿನಲ್ಲಿ ಸೋಲ್ದಾರ್ ಮತ್ತು ಯೆವ್ಗೆನಿ ಇರುತ್ತಾರೆ, ತೋಳ ಹೊಡೆದು ಬದುಕುವ ಬೇಟೆಗಾರರು. ಅವರು ತಂದ ಮಾಂಸವೇ ಅವತ್ತಿನ ಅಡುಗೆ, ಪುಸ್ತಕದಲ್ಲೇ ಇರುವ ಊಟ ಅದು, ನಾನು ಕಟ್ಟಿದ್ದಲ್ಲ. ತಟ್ಟೆ ಎಲ್ಲರ ಮುಂದೆ ಬರಲಿ. ಏನು ಮಾಂಸ ಅಂತ ಕ್ಲೆರಿಕ್ ಕೇಳಲಿ, ಡಾನಿಕಾ ಹೇಳಲಿ. ಆಮೇಲೆ ನಿಮ್ಮ ಫೈಟರ್ ಕಡೆ ತಿರುಗಿ, ವಾಸನೆ ಹೇಗಿದೆ ಅಂತ ನೀವು ಹೇಳಬೇಡಿ, ಅವನನ್ನೇ ಕೇಳಿ.